ಎಡಗಲ್ಲಕ್ಕೊಂದು ಸೀಸೆ, ಬಲಗಲ್ಲಕ್ಕೊಂದು

ನನ್ನ ಮುಖದ ಮೇಲೆ ಬಂಗು ಬಂದದ್ದು ಎರಡನೇ ಹೆರಿಗೆಯಾದ ಮೇಲೆ. ಎರಡೂ ಗಲ್ಲದ ಮೇಲೆ, ಚಹಾದ ಬಟ್ಟಲು ಇಟ್ಟು ಎತ್ತಿದಲ್ಲಿ ಉಳಿಯುತ್ತದಲ್ಲ, ಅಂಥ ಕಂದು ಕಲೆ. ಬಂಗಿಗೆ ನಾನು ಅತ್ತವಳಲ್ಲ. ಆದರೆ ಕಂಡಕಂಡವರು ಔಷಧ ಹೇಳುವುದಕ್ಕೆ ಮೈಯೆಲ್ಲ ಉರಿಯುತ್ತಿತ್ತು. ನಾವಿರುವುದು ನಾಶಿಕದ ಹತ್ತಿರ ಓಝರದಲ್ಲಿ, ವಿಮಾನ ಕಾರ್ಖಾನೆಯ ಕಾಲೊನಿಯಲ್ಲಿ. ನಮ್ಮವರು ಅಲ್ಲಿ ಟೆಕ್ನಿಷಿಯನ್. ತರಕಾರಿ ಗಾಡಿಯ ಮುಂದೆ ನಿಂತರೆ ಸಾಕು, ಒಬ್ಬಳು ಜಾಯಿಕಾಯಿ ತೇದು ಹಚ್ಚು ಅನ್ನುವಳು, ಇನ್ನೊಬ್ಬಳು ಆಲೂಗಡ್ಡೆ ತಿಕ್ಕು ಅನ್ನುವಳು. ನಮ್ಮ ಅತ್ತೆಯಂತೂ, "ಅದು ಪಿತ್ತ. ಸಿಟ್ಟು ಕಮ್ಮಿ ಮಾಡು, ತಾನೇ ಹೋಗ್ತದ" ಅಂತ ದಿನಾ ಅನ್ನುವರು. ನನಗೆ ಸಿಟ್ಟು ಬರುತ್ತಿದ್ದದ್ದೇ ಆ ಮಾತಿಗೆ.

ನನ್ನ ನಾದಿನಿ, ಅಂದರೆ ನಮ್ಮವರ ತಂಗಿ, ಸಂಭಾಜಿನಗರದ ಒಂದು ಚರ್ಮದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಮುಖಕ್ಕೆ ಹಚ್ಚುವ ಸೀರಮ್ಮುಗಳು ಅಂಗಡಿಗೆ ಬರುವ ಮೊದಲು ಅಲ್ಲಿ ಮಂದಿಯ ಮುಖದ ಮೇಲೆ ಪರೀಕ್ಷೆಯಾಗುತ್ತವೆ. ತಕ್ಕ ಹೆಂಗಸರನ್ನು ಹುಡುಕುವುದು, ಅವರಿಗೆ ತಿಳಿಸಿ ಹೇಳುವುದು, ತಾರೀಖಿಗೆ ಸರಿಯಾಗಿ ಕರೆಸಿ ಫೋಟೋಕ್ಕೆ ಕೂರಿಸುವುದು ಇವಳ ಕೆಲಸ. ಬಿಎಸ್ಸಿ ಓದಿದವಳು. ಗಂಡನ ಮನೆ ಕಲಬುರಗಿಯ ಕಡೆ ಒಂದು ಊರು. ಅಲ್ಲಿ ಏನೇನು ಅನುಭವಿಸಿದಳೋ, ಒಂದು ದಿನ ಒಂದೇ ಬ್ಯಾಗು ಹಿಡಿದು ನಮ್ಮ ಬಾಗಿಲಿಗೆ ಬಂದಳು. ಬಂದವಳನ್ನು ಯಾರೂ ಏನೂ ಕೇಳಲಿಲ್ಲ, ಅದೊಂದು ಪುಣ್ಯ.

ನಮ್ಮದು ಎರಡು ಖೋಲಿಯ ಕ್ವಾರ್ಟರ್ಸು. ಅತ್ತೆ, ಇಬ್ಬರು ಮಕ್ಕಳು, ನಾವಿಬ್ಬರು, ಅದರಲ್ಲಿ ಇವಳೂ. ಬಟ್ಟೆ ಬದಲಿಸಬೇಕಾದರೆ ಒಬ್ಬರು ಹೊರಗೆ ಹೋಗಿ ನಿಲ್ಲಬೇಕು. ಆಗ ನಮ್ಮವರು ತಂಗಿಗೆ, "ನಿನ್ನ ಕಾಲ ಮ್ಯಾಲ ನೀ ನಿಂದ್ರಬೇಕವಾ" ಅನ್ನತೊಡಗಿದರು. ಮಾತು ಛಲೋದೇ. ನಾನೂ ಹೂಂಗುಟ್ಟಿದೆ. ನೌಕರಿಯ ಜಾಹೀರಾತು ಅವರೇ ಹುಡುಕಿದರು, ಸಂಭಾಜಿನಗರದಲ್ಲಿ ಖೋಲಿಯನ್ನೂ ಅವರೇ ನೋಡಿ ಬಂದರು. ಮನೆ ಬಿಟ್ಟು ಹೋಗು ಅಂತ ಯಾರೂ ಅನ್ನಲಿಲ್ಲ. ಅವಳೂ ನಗುನಗುತ್ತಲೇ ಹೋದಳು.

ಹೀಗಿರುವಾಗ ಅವಳ ಫೋನು ಬಂತು. ಬಂಗಿಗೆ ಒಂದು ಹೊಸ ಸೀರಮ್ಮು ಬಂದಿದೆ, ಎರಡೂ ಗಲ್ಲಕ್ಕೆ ಸಮಸಮ ಬಂಗು ಇರುವ ಹೆಂಗಸರು ಬೇಕು, ಎಷ್ಟು ಹುಡುಕಿದರೂ ಸಾಲುತ್ತಿಲ್ಲ ಅಂದಳು.

"ವೈನಿ, ನಿಮ್ಮ ಗಲ್ಲ ನೋಡ್ರಿ, ಅಳತಿ ಮಾಡಿ ಹಚ್ಚಿದಂಗ ಅದ. ನೀವು ಬಂದ್ರ ನನ್ನ ಮಾನ ಉಳೀತದ. ಮಂದಿ ತುಂಬಲಿಲ್ಲ ಅಂದ್ರ ಈ ನೌಕರಿ ಇರಂಗಿಲ್ರಿ."

"ನನ್ನ ಮಾರಿ ಮ್ಯಾಲ ಪ್ರಯೋಗ ಮಾಡ್ತೀಯೇನ?" ಅಂದೆ.

ಅವಳು ನಕ್ಕಳು. ಆದರೆ ಹಿಂದೆ ನಿಂತಿದ್ದ ಅತ್ತೆ ನಗಲಿಲ್ಲ. ಮನಿ ಮಗಳು ಬಾಯಿ ಬಿಟ್ಟು ಒಂದು ಕೇಳ್ಯಾಳ, ಮಾರಿ ತೋರಿಸಿ ಬರಾಕ ಏನು ಗಂಟು ಹೋಗ್ತದ ಅಂದರು. ನಮ್ಮವರು ಪೇಪರು ಓದುತ್ತಲೇ, "ಹೋಗಿ ಬಾ" ಅಂದರು. ನನ್ನ ಮುಖದ ವಿಚಾರ ನನ್ನನ್ನು ಬಿಟ್ಟು ಉಳಿದವರೆಲ್ಲ ಸೇರಿ ಮುಗಿಸಿದರು.

ಇದರಲ್ಲಿ ಇನ್ನೂ ಒಂದು ತೊಡಕಿತ್ತು. ಅಲ್ಲಿ ಕೆಲಸ ಮಾಡುವವರ ಸಂಬಂಧಿಕರನ್ನು ಪರೀಕ್ಷೆಗೆ ತಗೊಳ್ಳಬಾರದು ಅಂತ ನಿಯಮ. ತಿಳಿದರೆ ನಾದಿನಿಯ ಕೆಲಸ ಹೋಗುತ್ತದೆ. ಹಾಗಾಗಿ ಆಸ್ಪತ್ರೆಯೊಳಗೆ ನಾನು ಅವಳ ವೈನಿ ಅಲ್ಲ, ಅವಳು ನನ್ನ ನಾದಿನಿ ಅಲ್ಲ. ಕನ್ನಡದಲ್ಲಿ ಒಂದು ಮಾತೂ ಆಡುವಂತಿಲ್ಲ. ಮೊದಲ ದಿನ ಅವಳು ಬಿಳಿ ಕೋಟು ಹಾಕಿಕೊಂಡು ಬಂದು, ಮರಾಠಿಯಲ್ಲಿ, "ತಾಯಿ, ಊರು ಯಾವುದು?" ಅಂತ ನನ್ನನ್ನು ಕೇಳಿದಳು. ನನಗೆ ನಗು ತಡೆಯಲಾರದೆ ಕೆಮ್ಮು ಬಂತು. ಅವಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಡಾಕ್ಟರು ನನಗಿಂತ ಸಣ್ಣ ವಯಸ್ಸಿನ ಹೆಂಗಸು, ಮೆತ್ತಗೆ ಮಾತಾಡುವವರು. ಎರಡು ಸೀಸೆ ಕೊಡುತ್ತೇವೆ, ಎಡಗಲ್ಲಕ್ಕೊಂದು, ಬಲಗಲ್ಲಕ್ಕೊಂದು, ಒಂದರಲ್ಲಿ ಸೀರಮ್ಮು ಇದೆ, ಇನ್ನೊಂದರಲ್ಲಿ ನೋಡಲು ಹಾಗೇ ಇರುವ ಬರೀ ನೀರಿನಂಥದ್ದು, ಯಾವುದು ಯಾವುದೆಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ ಅಂದರು. ಮುಖಕ್ಕೆ ಅವರು ಕೊಟ್ಟ ಸೋಪು, ಬಿಸಿಲಿಗೆ ಅವರು ಕೊಟ್ಟ ಕ್ರೀಮು, ಅಷ್ಟೇ. ಕಡಲೆಹಿಟ್ಟು ಇಲ್ಲ, ಪಾರ್ಲರು ಇಲ್ಲ, ಅರಿಷಿಣವಂತೂ ಇಲ್ಲವೇ ಇಲ್ಲ. "ಹಣೆಗೆ ವಿಭೂತಿ?" ಅಂದೆ. ಹಣೆಗೆ ನಡೆಯುತ್ತದೆ, ಗಲ್ಲಕ್ಕೆ ಇಳಿಯಬಾರದು ಅಂದರು. ಕೊನೆಯ ತನಕ ನಿಯಮ ಪಾಲಿಸಿದವರಿಗೆ, ಪರೀಕ್ಷೆ ಮುಗಿದ ಮೇಲೆ, ಯಾವ ಸೀಸೆ ಕೆಲಸ ಮಾಡಿತೋ ಅದನ್ನು ಎರಡೂ ಗಲ್ಲಕ್ಕೆ ಕೊಡುತ್ತೇವೆ ಅಂತಲೂ ಹೇಳಿದರು. ಆಮೇಲೆ ನಾದಿನಿ ಕಾಗದ ಓದಿದಳು: ನೀವು ಯಾವಾಗ ಬೇಕಾದರೂ, ಕಾರಣ ಹೇಳದೆ, ಇದರಿಂದ ಹೊರಗೆ ಹೋಗಬಹುದು. ನಾನು ಅವಳ ಮುಖವನ್ನೇ ನೋಡಿದೆ. ನನ್ನ ಜನ್ಮದಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ, ಮತ್ತು ಹೇಳಿದವಳಿಗಾಗಿಯೇ ನಾನು ಹೊರಗೆ ಹೋಗುವಂತಿರಲಿಲ್ಲ.

ಓಝರದಿಂದ ನಾಶಿಕ, ಅಲ್ಲಿಂದ ಯೇವಲಾ, ವೈಜಾಪುರ ದಾಟಿ ಸಂಭಾಜಿನಗರ. ಬೆಳಕು ಹರಿಯುವ ಮೊದಲೇ ಮನೆ ಬಿಟ್ಟರೆ ಕತ್ತಲಾಗುವಾಗ ವಾಪಸ್ಸು. ಆಸ್ಪತ್ರೆಯಲ್ಲಿ ಮೊದಲು ಒಂದು ತಣ್ಣನೆಯ ಖೋಲಿಯಲ್ಲಿ ಸುಮ್ಮನೆ ಕೂರಿಸುತ್ತಾರೆ. ಬಿಸಿಲಿಂದ ಬಂದ ಚರ್ಮ ಆರಬೇಕಂತೆ. ಮುಖ ಮುಟ್ಟುವಂತಿಲ್ಲ, ಚಹಾ ಇಲ್ಲ, ಕಿಟಕಿಯೂ ಇಲ್ಲ. ಆಮೇಲೆ ಕೂದಲಿಗೆ ಪಟ್ಟಿ ಬಿಗಿದು, ಗದ್ದವನ್ನು ಒಂದು ಕಬ್ಬಿಣದ ಚೌಕಟ್ಟಿನ ಮೇಲೆ ಇಡಿಸಿ, ಎಡಕ್ಕೊಂದು ಬಲಕ್ಕೊಂದು ನೆಟ್ಟಗೊಂದು ಫೋಟೋ. ಪೆನ್ನಿನಂಥ ಯಂತ್ರವನ್ನು ಗಲ್ಲಕ್ಕೆ ಒತ್ತಿದರೆ ಕಪ್ಪು ಎಷ್ಟಿದೆ ಅಂತ ಅಂಕಿ ಬರುತ್ತದೆ. ಚೌಕಟ್ಟಿನಲ್ಲಿ ಗದ್ದ ಸಿಕ್ಕಿಸಿಕೊಂಡು ಕೂತಾಗ ನುಂಗಲೂ ಆಗುತ್ತಿರಲಿಲ್ಲ. ಯಂತ್ರ ಹಿಡಿದ ನಾದಿನಿಯ ಕೈ ನನ್ನ ಮೂಗಿನ ಹತ್ತಿರವೇ ಇರುತ್ತಿತ್ತು, ಒಗ್ಗರಣೆಯ ವಾಸನೆ. ನಾಷ್ಟಾ ಮಾಡಿದಿಯೇನ ಅಂತ ಕೇಳುವಂತಿರಲಿಲ್ಲ.

ಎರಡು ತಿಂಗಳು ಆಗುವುದರೊಳಗೆ ಯಾವ ಸೀಸೆಯಲ್ಲಿ ಏನಿದೆ ಅಂತ ಓಝರದ ಕಾಲೊನಿಗೆಲ್ಲ ಗೊತ್ತಾಯಿತು. ಎಡಗಲ್ಲ ತಿಳಿಯಾಗುತ್ತ ಬಂತು, ಬಲಗಲ್ಲ ಇದ್ದ ಹಾಗೇ ಉಳಿಯಿತು. ಎಡಗಡೆಯಿಂದ ಕಂಡವರು, "ಏನ್ರೀ, ಛಂದ ಕಾಣ್ಲತ್ತೀರಿ" ಅನ್ನುವರು. ನಾನು ತಿರುಗಿದ ಕೂಡಲೇ ಅವರ ಬಾಯಿ ಅಲ್ಲೇ ನಿಲ್ಲುವುದು. ಸಣ್ಣ ಮಗ, ಅಮ್ಮನಿಗೆ ಹಗಲೊಂದು ರಾತ್ರಿಯೊಂದು ಅಂತ ಮರಾಠಿಯಲ್ಲಿ ಹಾಡು ಕಟ್ಟಿದ, ಬೆನ್ನಿಗೆ ಒಂದು ಕೊಟ್ಟೆ. ಅತ್ತೆಗೆ ಬೇರೆಯೇ ಸಂಕಟ. "ಒಂದು ಗಲ್ಲಕ್ಕ ಹಾಲು, ಒಂದಕ್ಕ ನೀರು. ಇದೆಂಥ ಭೇದವ್ವ, ಇಂಥ ಪಾಪ ಯಾರರ ಮಾಡ್ತಾರೇನು" ಅಂತ ಗೊಣಗುವರು. ನಾನು ಹೊರಗೆ ಹೋಗುವುದನ್ನೇ ಕಮ್ಮಿ ಮಾಡಿದೆ. ಹೋದರೂ ಸೆರಗನ್ನು ಬಲಕ್ಕೆ ಎಳೆದುಕೊಂಡೇ ಹೋಗುತ್ತಿದ್ದೆ.

ಎಡದ ಸೀಸೆಯಿಂದ ಎರಡು ಹನಿ ಬಲಕ್ಕೆ ಹಚ್ಚಿದರೆ ಯಾರಿಗೆ ಗೊತ್ತಾಗುತ್ತದೆ? ಈ ಯೋಚನೆ ದಿನಾ ಬರುತ್ತಿತ್ತು. ಸೀಸೆ ತೂಗಿ ನೋಡ್ತಾರ್ರಿ ವೈನಿ, ನನ್ನ ಕೈ ಬಿಡಬ್ಯಾಡ್ರಿ ಅಂತ ಅವಳು ಫೋನಿನಲ್ಲಿ ಹೇಳಿದ್ದಳು. ಎಡಗಲ್ಲ ಬಿಸಿಲಿಗೆ ಚುರುಚುರು ಉರಿಯುವುದನ್ನು ಹೇಳಿದರೆ, ಭಾಳ ಉರಿ ಏನು ಅಂತ ಕೇಳಿದಳು. ಭಾಳ ಅಂದರೆ ಪರೀಕ್ಷೆ ನಿಲ್ಲಿಸುತ್ತಾರೆ ಅಂತ ಅವಳ ದನಿಯಲ್ಲೇ ಇತ್ತು. ಇಲ್ಲ, ಸ್ವಲ್ಪ ಅಂದೆ. ಬಿಸಿತುಪ್ಪ ನುಂಗಲೂ ಆಗದೆ ಉಗುಳಲೂ ಆಗದೆ ಕನ್ನಡಿಯ ಮುಂದೆ ನಿಲ್ಲುವುದೇ ನನ್ನ ಕೆಲಸವಾಯಿತು. ಕೊನೆಯ ತಾರೀಖಿಗೆ ಕಾಯುತ್ತಿದ್ದೆ, ಬಲಗಲ್ಲಕ್ಕೂ ಆ ಸೀರಮ್ಮು ಸಿಗಲಿ ಅಂತ. ಅದೊಂದೇ ಆಸೆ.

ಆ ತಾರೀಖಿಗೇ ಅತ್ತೆಗೆ ಜ್ವರ ಬಂದು ನಾನು ಹೋಗಲಾಗಲಿಲ್ಲ. ಮುಂದಿನ ಶುಕ್ರವಾರ ಬೆಳಿಗ್ಗೆ ಬನ್ನಿ, ಅದಕ್ಕಿಂತ ಮುಂದೆ ಒಂದು ದಿನವೂ ನಡೆಯಲ್ಲ ಅಂದರು. ಹಾಗಾಗಿ ಗುರುವಾರವೇ ಹೋಗಿ ನಾದಿನಿಯ ಖೋಲಿಯಲ್ಲಿ ಉಳಿದೆ. ಅಷ್ಟು ದಿನದಲ್ಲಿ ನಾನು ಅವಳ ಖೋಲಿ ನೋಡಿದ್ದು ಅದೇ ಮೊದಲು. ಒಂದು ಹಾಸಿಗೆ, ಒಂದು ತಾಟು, ಒಂದು ಚೊಂಬು. ನನಗೆ ಊಟಕ್ಕೆ ಕೊಡಲು ಪಕ್ಕದ ಮನೆಯಿಂದ ತಾಟು ಇಸಕೊಂಡು ಬಂದಳು. "ಯಾರೂ ಬರಂಗಿಲ್ಲಲ್ರಿ, ಎರಡನೇದು ಯಾಕಂತ" ಅಂದಳು. ನಾನು ಅದನ್ನು ತಮಾಷೆ ಅಂದುಕೊಂಡು ನಕ್ಕೆ.

ಬೆಳಿಗ್ಗೆ ಎದ್ದು ಚುರುಮುರಿ ನೆನೆಸಿ ಸುಸಲಾ ಮಾಡಿದಳು. ಅವರು ಕೊಟ್ಟ ಸೋಪಿನಿಂದ ನಾನು ಮುಖ ತೊಳೆದೆ. ಅವಳು ಬಿಳಿ ಕೋಟು ಮಡಚಿ ಚೀಲಕ್ಕೆ ಹಾಕಿದಳು. ಇಬ್ಬರೂ ಬೇರೆ ಬೇರೆ ಆಟೋದಲ್ಲಿ ಹೋಗಬೇಕು, ಅವಳು ಮೊದಲು, ನಾನು ಹಿಂದಿನಿಂದ, ಅಂತ ಮಾತಾಯಿತು. ಇನ್ನೇನು ಹೊಸ್ತಿಲು ದಾಟಬೇಕು, "ನಿಂದರ್ರಿ ವೈನಿ" ಅಂದಳು. ಶುಕ್ರವಾರ, ಅಣ್ಣನ ಹೆಂಡತಿ ಮೊದಲ ಸಲ ಮನೆಗೆ ಬಂದಿದ್ದಾಳೆ, ಬರಿಗೈಲಿ ಕಳಿಸಲಿಕ್ಕೆ ಬರುತ್ತದೆಯೇ? ತಾಟಿನಲ್ಲಿ ಎಲ್ಲ ತಯಾರಿತ್ತು. ಹಸಿರು ಖಣ, ಉಡಿಯಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ. ಖಣ ಹೊಸದು, ನನಗಂತಲೇ ಗುಲಮಂಡಿ ಪೇಟೆಯಿಂದ ತಂದದ್ದಂತೆ. ನಾನು ಪೂರ್ವಕ್ಕೆ ಮುಖ ಮಾಡಿ ಚಾಪೆಯ ಮೇಲೆ ಕೂತೆ. ಅವಳು ಅರಿಷಿಣವನ್ನು ನೀರಿನಲ್ಲಿ ಕಲಸಿ ನನ್ನ ಎರಡೂ ಗಲ್ಲಕ್ಕೆ ಹಚ್ಚಿದಳು, ಹಣೆಗೆ ಕುಂಕುಮ ಇಟ್ಟಳು, ಉಡಿ ತುಂಬಿದಳು, ಕಾಲಿಗೆ ಬಿದ್ದಳು. ನಾನು ತಲೆ ಮೇಲೆ ಕೈ ಇಟ್ಟೆ. ಇಬ್ಬರ ಕಣ್ಣಲ್ಲೂ ನೀರು.

ಅರಿಷಿಣ ಹಚ್ಚಬೇಡಿ ಅಂತ ಎಷ್ಟು ಹೆಂಗಸರಿಗೆ ಹೇಳಿದವಳೋ ಅವಳು. ಆ ನಿಯಮ ಪಾಲಿಸಲೆಂದು ನನ್ನ ಮನೆಯ ಶುಕ್ರವಾರಗಳನ್ನೆಲ್ಲ ಒಣಗಿಸಿದವಳು ನಾನು. ಆದರೂ ತಾಟು ಮುಂದೆ ಬಂದ ಕೂಡಲೇ ಅವಳ ಕೈ ತಾನೇ ಮುಂದೆ ಹೋಯಿತು, ನನ್ನ ಗಲ್ಲವೂ ತಾನೇ ಮುಂದೆ ಬಂತು. ಹುಟ್ಟಿದಾಗಿಂದ ಮಾಡುತ್ತ ಬಂದದ್ದಕ್ಕೆ ಬುದ್ಧಿಯನ್ನು ಯಾರು ಕೇಳುತ್ತಾರೆ? ಉಡಿಯನ್ನು ನಾನು ಖೋಲಿಯಲ್ಲೇ ಬಿಚ್ಚಿಟ್ಟೆ. ಅವಳು ಮೊದಲು ಹೋದಳು, ಸ್ವಲ್ಪ ಹೊತ್ತು ಬಿಟ್ಟು ನಾನು ಆಟೋ ಹತ್ತಿದೆ.

ಗೊತ್ತಾದದ್ದು ಆಸ್ಪತ್ರೆಯ ಕೈ ತೊಳೆಯುವ ಕನ್ನಡಿಯಲ್ಲಿ. ಸೋಪು ಹಚ್ಚಿ ತಿಕ್ಕಿದೆ, ಸೆರಗಿನಿಂದ ಒರೆಸಿದೆ, ಮತ್ತೆ ತಿಕ್ಕಿದೆ. ಬಲಗಲ್ಲದ್ದು ಅಷ್ಟಿಷ್ಟು ಹೋಯಿತು. ಎಡಗಲ್ಲದ್ದು ಹೊಸ ಚರ್ಮ, ಅರಿಷಿಣವನ್ನು ಕುಡಿದು ಕೂತಿತ್ತು. ತಿಕ್ಕಿದಷ್ಟೂ ಕೆಂಪಾಯಿತು, ಹಳದಿ ಮಾತ್ರ ಬಿಡಲಿಲ್ಲ.

ತಣ್ಣನೆಯ ಖೋಲಿಗೆ ನಾದಿನಿ ಬಂದಳು, ನನ್ನನ್ನು ನೋಡಿದಳು, ಗೋಡೆಗೆ ಆತು ನಿಂತಳು. ಅವಳ ಹಿಂದೆಯೇ ಡಾಕ್ಟರು ಬಂದರು. ದೀಪ ನನ್ನ ಮುಖಕ್ಕೆ ತಿರುಗಿಸಿದರು. ಆ ಮೆತ್ತನೆಯ ದನಿ ಆಗ ಮೆತ್ತಗಿರಲಿಲ್ಲ.

"ಹಳದ್ ಕುಣೀ ಲಾವಲೀ?"

ಅರಿಷಿಣ ಯಾರು ಹಚ್ಚಿದರು ಅಂತ. ಹಸಿ ಅರಿಷಿಣ, ಇವತ್ತು ಬೆಳಿಗ್ಗೆಯದು. ನೀವು ನಾಶಿಕದವರು, ಈ ಊರಲ್ಲಿ ನಿಮಗೆ ಅರಿಷಿಣ ಹಚ್ಚುವವರು ಯಾರಿದ್ದಾರೆ ಅಂತ ಕೇಳಿದರು. ನಾದಿನಿ ಬಾಯಿ ತೆರೆದಳು. ಅವಳ ಕೈಯ ಉಗುರೆಲ್ಲ ಹಳದಿ, ಕೋಟಿನ ಕಿಸೆಗೂ ಹಾಕಿರಲಿಲ್ಲ ಹುಚ್ಚಿ. ಅವಳು ಒಂದು ಮಾತಾಡಿದರೆ ಕೆಲಸ ಹೋಯಿತು, ಖೋಲಿ ಹೋಯಿತು. ತಪ್ಪು ನನ್ನದೇ ಅಂತ ನಾನು ಮಾತಾಡಿದರೆ ನನ್ನ ಬಲಗಲ್ಲ ಹೋಯಿತು. ದೇವರಾಣೆ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಅವಳ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಕಪಾಳಕ್ಕೆ ಹೊಡೆದೇಬಿಡುತ್ತಿದ್ದೆ. ಆದರೂ ಮಾತು ನಾನೇ ಆಡಿದೆ.

"ನಾನೇ ಹಚ್ಚಿಕೊಂಡೆ. ಲಾಜಿನಲ್ಲಿ. ಶುಕ್ರವಾರ ಅಂತ ರೂಢಿ, ಮರೆತುಹೋಯಿತು."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. ಅಷ್ಟು ತಿಂಗಳು ಬಂದಿರಿ, ಕೊನೆಯ ದಿನ ಹೀಗೆ ಮಾಡಿದಿರಲ್ಲ ಅಂದರು. ಈ ಬಣ್ಣದ ಮೇಲೆ ಅಂಕಿ ತಗೊಳ್ಳಲು ಬರಲ್ಲ, ನಿಮ್ಮದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮುಂದಿನ ಸೀರಮ್ಮೂ ಕೊಡಲು ನಿಯಮವಿಲ್ಲ ಅಂದರು. ನಾದಿನಿ ನೆಲ ನೋಡುತ್ತ ನಿಂತಿದ್ದಳು. ಖಾಲಿ ಸೀಸೆಗಳನ್ನು ಅವಳ ಕೈಗೇ ಕೊಟ್ಟು ಹೊರಗೆ ಬಂದೆ.

ಬಸ್ ಸ್ಟ್ಯಾಂಡಿನಲ್ಲಿ ನಾಶಿಕದ ಬಸ್ಸು ಇನ್ನೂ ಹಚ್ಚಿರಲಿಲ್ಲ. ಅಲ್ಲೇ ಹತ್ತಿರ ಕನ್ನಡ ಅಂತಲೇ ಹೆಸರಿನ ಒಂದು ತಾಲೂಕಿದೆ, ಅದರ ಬಸ್ಸೊಂದು ಮಂದಿಯನ್ನು ತುಂಬಿಕೊಂಡು ಹೊರಟಿತ್ತು. ಬೆಂಚಿನ ಮೇಲೆ ಕೂತು ನನ್ನಷ್ಟಕ್ಕೆ ನಾನು ಬೈದುಕೊಳ್ಳುತ್ತಿದ್ದೆ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ, ಇನ್ನು ಈ ಅರ್ಧ ಮುಖ ಹೊತ್ತು ತಿರುಗು ಅಂತ. ಆಗ ನಾದಿನಿ ಓಡುತ್ತ ಬಂದಳು. ಊಟದ ಬಿಡುವಿನಲ್ಲಿ ಖೋಲಿಗೆ ಹೋಗಿ, ನಾನು ಬಿಟ್ಟುಬಂದ ಉಡಿ ಕಟ್ಟಿ ತಂದಿದ್ದಳು. ತುಂಬಿದ ಉಡಿ ಹಿಂದೆ ಬಿಟ್ಟು ಹೋಗಬಾರದಲ್ಲ. ಪಕ್ಕದಲ್ಲಿ ಕೂತಳು.

"ಯಾಕ ಹಂಗ ಹೇಳಿದ್ರಿ ವೈನಿ?"

"ಮತ್ತ ಏನು ಹೇಳಬೇಕಿತ್ತು? ನಿನ್ನ ನೌಕರಿ ಹೋಗ್ಲಿ ಅಂತ ನೋಡ್ಕೋತ ಕೂಡಬೇಕಿತ್ತೇನು?"

"ಹೋಗ್ತಿತ್ತು ಬಿಡ್ರಿ" ಅಂದಳು.

ನನಗೆ ಮತ್ತೆ ಸಿಟ್ಟು ಏರಿತು. ನನ್ನ ಮಾರಿ ಅಡ ಇಟ್ಟು ಉಳಿಸೀನಿ, ಹೋಗ್ತಿತ್ತು ಬಿಡ್ರಿ ಅಂತೀಯಲ್ಲ ಅಂದೆ. ಆಚೀಚೆಯವರು ತಿರುಗಿ ನೋಡುವಷ್ಟು ಜೋರಾಗಿಯೇ ಅಂದೆ. ಅವಳು ಉಡಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತ, ನನ್ನ ಕಡೆ ನೋಡದೆ ಹೇಳಿದಳು.

"ಡಾಕ್ಟರು ಕೇಳಿದಾಗ ಒಂದು ಗಳಿಗಿ ನನ್ನ ಎದಿ ಹಗುರಾತ್ರಿ ವೈನಿ. ಮುಗೀತು, ಇನ್ನ ಮನಿಗೆ ಹೋಗಬಹುದು ಅನ್ನಿಸ್ತು. ಸಂಜಿಗಿ ಆ ಖೋಲಿ ಕೀಲಿ ತೆಗೀಬೇಕಾದ್ರ ಕೈ ಏಳಂಗಿಲ್ರಿ ನನಗ. ಆಸ್ಪತ್ರಿಯಾಗ ದಿನಾ ಮಂದಿ ಮಾರಿ ಹಿಡಿದು ನೋಡ್ತೀನಿ, ನನ್ನ ಮಾರಿ ನೋಡಿ ಉಂಡೆಯೇನು ಅನ್ನೋರು ಒಬ್ಬರಿಲ್ಲ."

"ಹಂಗಿದ್ರ ಹೇಳಬೇಕಿಲ್ಲೋ? ಫೋನು ಮಾಡಿದಾಗೆಲ್ಲ ಆರಾಮ, ಆರಾಮ ಅಂತಿದ್ದಿ."

"ಕಾಲ ಮ್ಯಾಲ ನಿಂದ್ರು ಅಂತ ಕಳಿಸಿದ್ರಿ. ನಿಂದರಾಕ ಆಗಲ್ಲ ಅಂತ ಯಾವ ಬಾಯಿಂದ ಹೇಳ್ಲಿ?"

ಬಸ್ಸು ಬಂದು ನಿಂತಿತು. ನಾನು ಅವಳ ರಟ್ಟೆ ಹಿಡಿದೆ. "ಏಳು. ಇದ ಬಸ್ಸಿಗೆ ಹತ್ತು. ನಾಳಿ ಹೋಗಿ ಸಾಮಾನು ತಂದ್ರಾತು" ಅಂದೆ. ಖರೇ ಅಂದೆ. ಎರಡು ಖೋಲಿ, ಆರು ಮಂದಿ, ಸೀರೆ ಉಡಬೇಕಾದರೆ ಒಬ್ಬರು ಹೊರಗೆ ನಿಲ್ಲುವುದು, ಎಲ್ಲ ನೆನಪಿದ್ದೂ ಅಂದೆ.

ಅವಳು ತಲೆ ಅಲ್ಲಾಡಿಸಿದಳು. "ಈಗ ಹೆಂಗ ಬರ್ಲಿ? ನೌಕರಿ ಹೋಗ್ಯದ ಅಂತ ಬಂದ್ರ ಅಣ್ಣ ಏನೂ ಅನ್ನಂಗಿಲ್ಲ. ನೌಕರಿ ಇಟ್ಗೊಂಡು ಬಂದ್ರ, ಯಾಕ ಬಂದಿ ಅಂತ ಕೇಳ್ತಾನ. ನೀವು ಉಳಿಸಿಬಿಟ್ರಲ್ಲ."

ಕಂಡಕ್ಟರು ಕೂಗಿದ. ಅವಳೇ ನನ್ನನ್ನು ಎಬ್ಬಿಸಿ, ಉಡಿಯನ್ನು ಮಡಿಲಿಗೆ ಹಾಕಿ ಹತ್ತಿಸಿದಳು. ಕಿಟಕಿಯಿಂದ ನೋಡಿದಾಗ ಅವಳು ಹೊರಟುಹೋಗಿದ್ದಳು, ಊಟದ ಬಿಡುವು ಮುಗಿಯುವ ಹೊತ್ತು.

ಮನೆಗೆ ಬಂದವಳು ಕಾಲೂ ತೊಳೆಯದೆ ನಮ್ಮವರ ಮುಂದೆ ನಿಂತೆ. ತಂಗಿಯನ್ನು ಮನೆಗೆ ಕರೆಸಿಕೊಳ್ಳಿ ಅಂದೆ. ಅವರಿಗೆ ಆಶ್ಚರ್ಯ.

"ಯಾಕ? ನೌಕರಿಗೇನರ ತೊಂದರಿ ಆತೇನು?"

"ನೌಕರಿ ಅದ."

"ಮತ್ತ? ನೌಕರಿ ಅದ, ಖೋಲಿ ಅದ. ಆಕಿಗೇನು ಕಮ್ಮಿ ಅದ?"

ಒಂಟಿ ತಾಟಿನ ಮಾತು ಹೇಳಿದೆ. ಕೀಲಿ ತೆಗೆಯಲು ಕೈ ಏಳುವುದಿಲ್ಲ ಅಂದದ್ದನ್ನು ಹೇಳಿದೆ. ಅತ್ತೆ ಒಳಗಿನಿಂದ ಬಂದು ಬಾಗಿಲಿಗೆ ನಿಂತರು. ನಮ್ಮವರು ಕೆಟ್ಟವರಲ್ಲ, ಅವರ ಮುಖ ಬಾಡಿತು. "ನಾನೇ ಕೇಳ್ತೀನಿ" ಅಂತ ಫೋನು ಹಚ್ಚಿದರು, ನಮಗೆಲ್ಲ ಕೇಳಲಿ ಅಂತ ಸ್ಪೀಕರ್ ಹಾಕಿದರು.

"ಏನವಾ, ಆರಾಮ ಇದ್ದೀ?"

ಆ ಕಡೆ ಒಂದು ಪಾತ್ರೆಯ ಸದ್ದು ಕೇಳಿತು.

"ಆರಾಮ ಇದ್ದೀನಿ ಅಣ್ಣ. ವೈನಿ ಮನಿ ಮುಟ್ಟಿದ್ರಾ?"

"ಮುಟ್ಟ್ಯಾಳ. ಒಬ್ಬಾಕಿಗೇ ಬ್ಯಾಸರ ಏನರ ಆಗ್ತದೇನು ಅಲ್ಲಿ?"

"ಇಲ್ಲಣ್ಣ, ಬ್ಯಾಸರಕ್ಕ ಪುರಸೊತ್ತ ಎಲ್ಲದ. ಹೊಸ ಸೀರಮ್ ಒಂದು ಬಂದದ, ಮಂದಿ ಹುಡುಕಬೇಕು" ಅಂತ ನಕ್ಕಳು.

ನಮ್ಮವರು ಫೋನು ಕೆಳಗಿಟ್ಟರು. ಎದೆಯ ಮೇಲಿನ ಕಲ್ಲು ಇಳಿದ ಮುಖದಿಂದ ನನ್ನ ಕಡೆ ತಿರುಗಿ, "ನೋಡು, ನಗಲತ್ತಾಳ" ಅಂದರು.